ಏರುದಾರಿಯ ಲೆಕ್ಕ



ನಿಮ್ಮಲ್ಲಿ ಹೆಚ್ಚಿನವರಿಗೆ ಸೈಕಲ್ ತುಳಿಯಲು ಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅದು ಎಷ್ಟು ಸಲೀಸಾಗಿ ಸಾಗುತ್ತದೆ ಎಂಬುದನ್ನೂ ನೀವು ಬಲ್ಲಿರಿ. ನಾಲ್ಕು ಬಾರಿ ತುಳಿದು ಕಾಲು ಬಿಟ್ಟರೂ ಸ್ವಲ್ಪ ದೂರ ತಾನಾಗಿಯೇ ಓಡುತ್ತದೆ. ಅದೇ ಸೈಕಲ್ ಒಂದು ದಿಬ್ಬದ ಮುಂದೆ ಬಂದಾಗ ಭಾರವಾಗಿಬಿಡುತ್ತದೆ. ತುಳಿತ ನಿಂತರೆ ಅದೂ ನಿಲ್ಲುತ್ತದೆ. ಉಸಿರು ಏರುತ್ತದೆ, ತೊಡೆ ಉರಿಯುತ್ತದೆ, ಹ್ಯಾಂಡಲ್ ಅತ್ತಿತ್ತ ಓಲಾಡುತ್ತದೆ. ಕೊನೆಗೆ ಕೆಳಗಿಳಿದು ಸೈಕಲನ್ನು ತಳ್ಳಿಕೊಂಡು ಹೋಗುತ್ತೇವೆ.

ಹೀಗಿದ್ದರೂ, ಸುಲಭದ ದಾರಿಯನ್ನು ಬಿಟ್ಟು ಕಡಿದಾದ ಬೆಟ್ಟಗಳನ್ನೇ ಹುಡುಕಿಕೊಂಡು ಹೋಗಿ ಸೈಕಲ್ ಹತ್ತಿಸುವವರು ಪ್ರಪಂಚದಲ್ಲಿ ಬಹಳ ಮಂದಿ ಇದ್ದಾರೆ. ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಲ್ಲಿ ಇದು ಒಂದು ದೊಡ್ಡ ಕ್ರೀಡಾಪರಂಪರೆ. ನಮ್ಮ ನಂದಿಬೆಟ್ಟದ ರಸ್ತೆಯಲ್ಲಿಯೂ ಭಾನುವಾರದ ಬೆಳಗಿನ ಹೊತ್ತು ಬೆಂಗಳೂರಿನಿಂದ ಬಂದ ಸೈಕಲ್ ಸವಾರರನ್ನು ಕಾಣಬಹುದು. ಇವರೆಲ್ಲ ಅಸಾಧಾರಣ ಬಲಶಾಲಿಗಳೇ? ಖಂಡಿತ ಅಲ್ಲ. ಏರು ಹತ್ತುವುದರಲ್ಲಿ ಬಲಕ್ಕಿಂತ ಅಳತೆಯ ಪಾತ್ರ ದೊಡ್ಡದು. ಆ ಅಳತೆ ಯಾವುದು, ಅದು ತಪ್ಪಿದರೆ ಏನಾಗುತ್ತದೆ ಎಂಬುದೇ ಈ ಮಾತಿನ ವಿಷಯ.

ಮೊದಲು, ಕಡಿದು ಎಂದರೆ ಎಷ್ಟು ಎಂಬುದನ್ನು ತಿಳಿಯೋಣ. ಬಚ್ಚಲಮನೆಯ ನೆಲದಲ್ಲಿ ನೀರು ಹರಿದುಹೋಗಲೆಂದು ಗಾರೆ ಕೆಲಸದವರು ವಾಟ ಕೊಡುತ್ತಾರಲ್ಲವೇ? ರಸ್ತೆಯ ಏರನ್ನೂ ಹಾಗೆಯೇ ಅಳೆಯುತ್ತಾರೆ. ಅಡ್ಡಲಾಗಿ 100 ಮೀಟರ್ ಸಾಗುವಷ್ಟರಲ್ಲಿ ರಸ್ತೆ 10 ಮೀಟರ್ ಮೇಲಕ್ಕೆ ಹೋದರೆ ಅದು ಶೇಕಡ 10ರ ಏರು. ಹಳೆಯ ಫಲಕಗಳಲ್ಲಿ ಇದನ್ನೇ ‘ಹತ್ತಕ್ಕೆ ಒಂದು’ ಎಂದು ಬರೆಯುತ್ತಿದ್ದರು. ಕೋನಮಾಪಕವಿಟ್ಟು ನೋಡಿದರೆ ಶೇಕಡ 10ರ ಏರು 6 ಡಿಗ್ರಿಗೂ ಕಡಿಮೆ. ಶೇಕಡ 20ರ ಏರು ಸುಮಾರು 11 ಡಿಗ್ರಿ. ಕಾಗದದ ಮೇಲೆ ಬರೆದರೆ ಇದು ಏನೂ ಅಲ್ಲವೆನಿಸುತ್ತದೆ. ಸೈಕಲ್ ಸವಾರನ ಕಾಲಿಗೆ ಮಾತ್ರ ಅದರ ನಿಜವಾದ ರೂಪ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಂದು ಬೆಟ್ಟದ ‘ಸರಾಸರಿ ಏರು’ ಎಂಬ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಸ್ಪೇನ್ ದೇಶದ ಅಸ್ತೂರಿಯಾಸ್ ಪ್ರಾಂತದಲ್ಲಿ ಅಂಗ್ಲಿರು ಎಂಬ ಬೆಟ್ಟವಿದೆ. ಸುಮಾರು ಹನ್ನೆರಡೂವರೆ ಕಿಲೋಮೀಟರ್ ಉದ್ದದ ಈ ದಾರಿಯ ಸರಾಸರಿ ಏರು ಶೇಕಡ 10ರಷ್ಟು. ಆದರೆ ಮೊದಲರ್ಧ ಸೌಮ್ಯವಾಗಿದ್ದು, ಕಡೆಯ 6 ಕಿಲೋಮೀಟರ್‌ಗಳಲ್ಲಿ ಸರಾಸರಿಯೇ ಶೇಕಡ 13ರ ಆಸುಪಾಸಿಗೆ ಏರುತ್ತದೆ. ಒಂದೆಡೆಯಂತೂ ಶೇಕಡ 23.5 ಮುಟ್ಟುತ್ತದೆ. ಸ್ಪೇನಿನ ರಾಷ್ಟ್ರೀಯ ಸೈಕಲ್ ಸ್ಪರ್ಧೆಯಾದ ವುಯೆಲ್ಟಾದಲ್ಲಿ 1999ರಲ್ಲಿ ಇದನ್ನು ಮೊದಲ ಬಾರಿ ಸೇರಿಸಲಾಯಿತು. ಇಟಲಿಯ ಜೊಂಕೊಲಾನ್ ಬೆಟ್ಟ ಒವಾರೊ ಎಂಬ ಊರಿನ ಕಡೆಯಿಂದ ಹತ್ತಿದರೆ ಹತ್ತು ಕಿಲೋಮೀಟರ್ ಉದ್ದಕ್ಕೂ ಸರಾಸರಿ ಶೇಕಡ 12ರಷ್ಟು. ಸರಾಸರಿಯನ್ನು ನೋಡಿ ಆರಂಭದಲ್ಲೇ ರಭಸದಿಂದ ಹೊರಟವನಿಗೆ ಅಂಗ್ಲಿರುವಿನಂಥ ಬೆಟ್ಟ ಅರ್ಧದಾರಿಯ ನಂತರ ಪಾಠ ಕಲಿಸುತ್ತದೆ. ನೀವು ತರಗತಿಯಲ್ಲಿ ಸಂಖ್ಯಾಶಾಸ್ತ್ರ ಓದುವಾಗ, ಸರಾಸರಿಯ ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳನ್ನೂ ನೋಡಬೇಕೆಂದು ಏಕೆ ಹೇಳುತ್ತಾರೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಈಗ ಭೌತಶಾಸ್ತ್ರದ ಕಡೆಗೆ ಬರೋಣ. ನಿಮ್ಮ ತೂಕ 55 ಕಿಲೋ, ಸೈಕಲ್ ಮತ್ತು ಚೀಲ ಸೇರಿ 20 ಕಿಲೋ, ಒಟ್ಟು 75 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ದಾರಿಯಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಲು ಟೈರಿನ ಉಜ್ಜಾಟ, ಗಾಳಿಯ ತಡೆ ಇವೆರಡನ್ನು ಮೀರಿದರೆ ಸಾಕು. ಅದಕ್ಕೆ 20ರಿಂದ 25 ವ್ಯಾಟ್ ಸಾಮರ್ಥ್ಯ ಸಾಲುತ್ತದೆ. ಅದೇ ವೇಗದಲ್ಲಿ ಶೇಕಡ 10ರ ಏರನ್ನು ಹತ್ತುವುದಾದರೆ ಏನಾಗುತ್ತದೆ? ಒಂದು ಗಂಟೆಯಲ್ಲಿ ನೀವು 75 ಕಿಲೋ ಭಾರವನ್ನು ಸುಮಾರು 1,000 ಮೀಟರ್ ಮೇಲಕ್ಕೆ ಎತ್ತಿರುತ್ತೀರಿ. ಗುರುತ್ವವನ್ನು ಗೆಲ್ಲುವುದಕ್ಕೇ 200 ವ್ಯಾಟ್‌ಗಿಂತ ಹೆಚ್ಚು ಬೇಕು. ಎಂದರೆ, ಕಣ್ಣಿಗೆ ಅಷ್ಟೇನೂ ದೊಡ್ಡದಾಗಿ ಕಾಣದ 6 ಡಿಗ್ರಿ ಏರು ನಿಮ್ಮ ಶ್ರಮವನ್ನು ಎಂಟು ಹತ್ತು ಪಟ್ಟು ಮಾಡಿಬಿಡುತ್ತದೆ. ಅಭ್ಯಾಸವಿಲ್ಲದ, ಆದರೆ ಆರೋಗ್ಯವಂತನಾದ ಒಬ್ಬ ವ್ಯಕ್ತಿ ಒಂದು ಗಂಟೆಯ ಕಾಲ 100ರಿಂದ 150 ವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯ ನೀಡುವುದು ಕಷ್ಟ. ದಿಬ್ಬದ ಮೇಲೆ ನಾವು ಸೋಲುವುದು ಇದರಿಂದಲೇ.

ಆದರೆ ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಅಡಗಿದೆ. ಬೆಟ್ಟದ ಎತ್ತರ ಇಷ್ಟು, ನಿಮ್ಮ ಭಾರ ಇಷ್ಟು ಎಂದಮೇಲೆ ಅದನ್ನು ಏರಲು ಮಾಡಬೇಕಾದ ಕೆಲಸ ನಿಗದಿಯಾಗಿಬಿಟ್ಟಿತು. ಅದರಲ್ಲಿ ರಿಯಾಯಿತಿ ಇಲ್ಲ. ಆ ಕೆಲಸವನ್ನು ಎಷ್ಟು ಹೊತ್ತಿನಲ್ಲಿ ಮಾಡಬೇಕೆಂಬುದು ಮಾತ್ರ ನಿಮಗೆ ಬಿಟ್ಟದ್ದು. ವೇಗವನ್ನು ಗಂಟೆಗೆ 5 ಕಿಲೋಮೀಟರ್‌ಗೆ ಇಳಿಸಿದರೆ ಬೇಕಾಗುವ ಸಾಮರ್ಥ್ಯವೂ ಅರ್ಧಕ್ಕೆ, ಎಂದರೆ ಸುಮಾರು 100 ವ್ಯಾಟ್‌ಗೆ ಇಳಿಯುತ್ತದೆ. ದೊಡ್ಡ ಸಾಲವನ್ನು ಒಂದೇ ಸಲ ತೀರಿಸಲಾಗದವನು ಕಂತಿನಲ್ಲಿ ಕಟ್ಟುವುದಿಲ್ಲವೇ? ಇದೂ ಹಾಗೆಯೇ. ಬೆಟ್ಟ ಹತ್ತುವ ವಿದ್ಯೆಯೆಂದರೆ ಬಹುಮಟ್ಟಿಗೆ ಕಂತು ಗೊತ್ತುಮಾಡುವ ವಿದ್ಯೆ.

ಕಂತನ್ನು ಚಿಕ್ಕದಾಗಿಸಲು ಒಂದು ಸಾಧನ ಬೇಕು. ಅದೇ ಗೇರು. ಮನೆಯಲ್ಲಿರುವ ಸಾಮಾನ್ಯ ಸೈಕಲನ್ನು ನೋಡಿ. ಪೆಡಲಿನ ಬಳಿಯ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದೆಯೆಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ ಐದು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಶೇಕಡ 10ರ ಏರಿನಲ್ಲಿ ಪ್ರತಿ ಸುತ್ತಿಗೆ ಅರ್ಧ ಮೀಟರ್‌ಗಿಂತ ಹೆಚ್ಚು ಮೇಲೆ ಹೋಗಬೇಕಾಯಿತು. ಬಲಗಾಲಿನ ಒಂದು ತುಳಿತ, ಎಡಗಾಲಿನ ಒಂದು ತುಳಿತ ಎಂದು ಪಾಲು ಮಾಡಿದರೆ ಒಂದೊಂದಕ್ಕೂ 27 ಸೆಂಟಿಮೀಟರ್. ನಮ್ಮ ಮನೆಗಳ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 18 ಸೆಂಟಿಮೀಟರ್ ಎತ್ತರವಿರುತ್ತದೆ. ಅದಕ್ಕಿಂತ ಎಷ್ಟೋ ಎತ್ತರದ ಮೆಟ್ಟಿಲುಗಳನ್ನು 20 ಕಿಲೋ ಹೊರೆ ಹೊತ್ತುಕೊಂಡು ಎಡೆಬಿಡದೆ ಹತ್ತಿದಂತಾಯಿತು! ಮೊಣಕಾಲು ನೋಯುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಬೆಟ್ಟ ಹತ್ತಲೆಂದೇ ಗೇರು ಜೋಡಿಸಿದ ಸೈಕಲನ್ನು ನೋಡೋಣ. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು ತಿರುಗಿ, ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಅದೇ ಏರಿನಲ್ಲಿ ಒಂದೊಂದು ತುಳಿತಕ್ಕೆ ಹತ್ತು ಸೆಂಟಿಮೀಟರ್ ಚಿಲ್ಲರೆ. ಮೆಟ್ಟಿಲುಗಳ ಸಂಖ್ಯೆ ಹೆಚ್ಚಾಯಿತು, ಆದರೆ ಒಂದೊಂದೂ ಚಿಕ್ಕದಾಯಿತು. ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ; ಅದನ್ನು ಸಣ್ಣ ಸಣ್ಣ ತುತ್ತಾಗಿಸುತ್ತದೆ, ಅಷ್ಟೆ.

ಇಷ್ಟು ಉಪಕಾರಿಯಾದ ಗೇರನ್ನು ಸ್ಪರ್ಧಾಳುಗಳು ಮೊದಲಿನಿಂದಲೂ ಬಳಸುತ್ತಿದ್ದರೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಸ್ಪರ್ಧೆ ಆರಂಭವಾದದ್ದು 1903ರಲ್ಲಿ. ಅದರ ಸಂಘಟಕ ಹೆನ್ರಿ ದೆಗ್ರಾಂಜ್ ಎಂಬಾತ ಗೇರು ಬದಲಾಯಿಸುವ ಸಾಧನಕ್ಕೆ ವಿರೋಧಿಯಾಗಿದ್ದ. ಅದು ವಯಸ್ಸಾದವರಿಗೆ ತಕ್ಕದ್ದು, ಕ್ರೀಡಾಪಟುವಾದವನು ತನ್ನ ಸ್ನಾಯುಬಲದಿಂದಲೇ ಗೆಲ್ಲಬೇಕು ಎಂಬುದು ಅವನ ನಿಲುವು. ಆದ್ದರಿಂದ ಆ ಕಾಲದ ಸವಾರರು ಹಿಂದಿನ ಚಕ್ರದ ಎರಡು ಕಡೆಗೂ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಸಿಕೊಳ್ಳುತ್ತಿದ್ದರು. ಬೆಟ್ಟದ ಬುಡದಲ್ಲಿ ಕೆಳಗಿಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಿ, ಮತ್ತೆ ಹತ್ತುತ್ತಿದ್ದರು. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ ಟೂರ್ ಸ್ಪರ್ಧೆಯಲ್ಲಿ ಎಲ್ಲರಿಗೂ ಅನುಮತಿ ದೊರೆತದ್ದು 1937ರಲ್ಲಿ, ದೆಗ್ರಾಂಜ್ ಹೊಣೆಯಿಂದ ಸರಿದ ನಂತರ.

ಗೇರಿಲ್ಲದ ಆ ಕಾಲದಲ್ಲಿ ಬೆಟ್ಟಗಳನ್ನು ಹೇಗೆ ಹತ್ತಿದರು? 1910ರಲ್ಲಿ ಈ ಸ್ಪರ್ಧೆ ಮೊದಲ ಬಾರಿಗೆ ಪಿರೆನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳಿಗೆ ಹೋಯಿತು. ಒಂದೇ ದಿನದ ದಾರಿ 326 ಕಿಲೋಮೀಟರ್. ನಡುವೆ 2,115 ಮೀಟರ್ ಎತ್ತರದ ತುರ್ಮಲೆ. ರಸ್ತೆ ಎಂದರೆ ಕಲ್ಲು ಮಣ್ಣಿನ ಜಾಡು. ಆ ದಿನ ತುರ್ಮಲೆಯನ್ನು ಸೈಕಲಿನಿಂದ ಇಳಿಯದೆ ಹತ್ತಿದವನು ಗುಸ್ತಾವ್ ಗಾರಿಗು. ಆ ಸಾಹಸಕ್ಕಾಗಿ ಅವನಿಗೆ ಬೇರೆ ಬಹುಮಾನವೂ ದೊರೆಯಿತು. ಆದರೆ ಅಂದಿನ ಸ್ಪರ್ಧೆಯನ್ನು ಗೆದ್ದವನು ಒಕ್ತಾವ್ ಲಪೀಜ್. ಅವನು ತುರ್ಮಲೆಯ ಕಡಿದಾದ ಕಡೆಗಳಲ್ಲಿ ಕೆಳಗಿಳಿದು, ಸೈಕಲ್ ತಳ್ಳಿಕೊಂಡು ನಡೆದಿದ್ದ. ಇಂಥ ದಾರಿಗೆ ತಮ್ಮನ್ನು ಅಟ್ಟಿದ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದೂ ಅವನೇ. ಆ ವರ್ಷದ ಇಡೀ ಸ್ಪರ್ಧೆಯೂ ಅವನದೇ ಆಯಿತು.

ವಿದ್ಯಾರ್ಥಿಗಳೇ, ಈ ಸಂಗತಿಯನ್ನು ನೆನಪಿನಲ್ಲಿಡಿ. ಏರಿನಲ್ಲಿ ಸೈಕಲಿನಿಂದ ಇಳಿದು ನಡೆಯುವುದು ಅವಮಾನವೆಂದು ಹುಡುಗರು ತಿಳಿಯುತ್ತಾರೆ. ಜೊತೆಯವರು ನಗುತ್ತಾರೆಂಬ ಅಂಜಿಕೆಯಿಂದ ಮೈಮೀರಿ ತುಳಿಯುತ್ತಾರೆ. ತನ್ನ ಬಲ ಎಲ್ಲಿಯವರೆಗೆ ಎಂದು ತಿಳಿದು, ಅಲ್ಲಿ ಇಳಿದು ನಡೆದು, ಮತ್ತೆ ಹತ್ತಿ ತುಳಿದವನೇ ಅಂದು ಮುಂದಾದ.

ಏರಿನಲ್ಲಿ ದೇಹದೊಳಗೆ ಏನು ನಡೆಯುತ್ತದೆ? ಸ್ನಾಯುಗಳಿಗೆ ರಕ್ತದ ಮೂಲಕ ಆಮ್ಲಜನಕ ಬರುತ್ತದೆ. ಬರುವಷ್ಟೇ ಖರ್ಚು ಮಾಡುತ್ತಿದ್ದರೆ ಗಂಟೆಗಟ್ಟಲೆ ಕೆಲಸ ಮಾಡಬಹುದು. ಬರುವುದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ದೇಹ ಸಾಲದ ಮೇಲೆ ನಡೆಯುತ್ತದೆ. ಆ ಸಾಲ ಕೆಲವೇ ನಿಮಿಷಗಳದ್ದು. ಆಮೇಲೆ ಕಾಲು ಮುಷ್ಕರ ಹೂಡುತ್ತದೆ. ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಾಗಿಲ್ಲ. ಏರುತ್ತಿರುವಾಗ ಪಕ್ಕದವನೊಡನೆ ಒಂದು ಪೂರ್ತಿ ವಾಕ್ಯ ಆಡಿ ನೋಡಿ. ಆಡಲಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೆ ಉಸಿರು ಕಟ್ಟಿದರೆ ನೀವು ಸಾಲ ಮಾಡುತ್ತಿದ್ದೀರಿ ಎಂದು ಅರ್ಥ. ಕೂಡಲೇ ನಿಧಾನಿಸಬೇಕು.

ಈ ಲೆಕ್ಕಾಚಾರದ ಬೆಲೆ ಎಷ್ಟೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನ ಕೊಡುತ್ತೇನೆ. ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಆಲ್ಪ್ ದುಯೇಜ್ ಎಂಬ ಹೆಸರಾಂತ ಏರುದಾರಿ ಇದೆ. ಉದ್ದ 13.8 ಕಿಲೋಮೀಟರ್, ಸರಾಸರಿ ಏರು ಶೇಕಡ 8.1, ತಿರುವುಗಳು 21. 1952ರಲ್ಲಿ ಟೂರ್ ಸ್ಪರ್ಧೆ ಅಲ್ಲಿಗೆ ಮೊದಲ ಸಲ ಹೋದಾಗ ಗೆದ್ದವನು ಇಟಲಿಯ ಫೌಸ್ಟೊ ಕೊಪ್ಪಿ. 2024ರ ಮಹಿಳೆಯರ ಟೂರ್ ಸ್ಪರ್ಧೆಯ ಕಡೆಯ ದಿನದ ಗುರಿಯೂ ಇದೇ ಬೆಟ್ಟ. ಪೋಲೆಂಡಿನ ಕಾಶಾ ನ್ಯೆವ್ಯಾದೋಮ ಒಟ್ಟು ಕಾಲದಲ್ಲಿ ಮುಂದಿದ್ದರು. ನೆದರ್‌ಲೆಂಡ್ಸಿನ ಡೆಮಿ ವೊಲ್ಲರಿಂಗ್ ಅವರಿಗಿಂತ 1 ನಿಮಿಷ 15 ಸೆಕೆಂಡ್ ಹಿಂದಿದ್ದರು. ಹಿಂದಿನ ವರ್ಷ ಈ ಸ್ಪರ್ಧೆಯನ್ನು ಗೆದ್ದಿದ್ದವರು ವೊಲ್ಲರಿಂಗ್. ಬೆಟ್ಟದ ಮೇಲೆ ಅವರ ಬಲ ಹೆಚ್ಚು. ಕಡೆಯ ಬೆಟ್ಟಕ್ಕೆ ಬರುವ ಮೊದಲೇ, ಗ್ಲಾಂಡನ್ ಎಂಬ ಏರಿನಲ್ಲಿ, ಅವರು ನ್ಯೆವ್ಯಾದೋಮರನ್ನು ಹಿಂದೆ ಹಾಕಿ ಹೊರಟರು. ಹಿಂದುಳಿದವರು ಎದೆಗುಂದದೆ, ಎದುರಾಳಿಯ ವೇಗಕ್ಕೆ ಪೈಪೋಟಿ ಹೂಡಿ ಕುಸಿಯದೆ, ತಮ್ಮ ಗತಿಯನ್ನು ಬಿಡದೆ ಮೇಲಕ್ಕೆ ಬಂದರು. ಅಂದಿನ ಓಟವನ್ನು ವೊಲ್ಲರಿಂಗ್ ಗೆದ್ದರು. ಆದರೆ ಎಂಟು ಹಂತಗಳ ಕಾಲವನ್ನೆಲ್ಲ ಕೂಡಿಸಿದಾಗ ನ್ಯೆವ್ಯಾದೋಮ 4 ಸೆಕೆಂಡುಗಳಿಂದ ಇಡೀ ಸ್ಪರ್ಧೆಯ ವಿಜೇತೆಯಾದರು! ದಿನದ ಸೋಲನ್ನು ಒಂದು ಮಿತಿಯೊಳಗೆ ಹಿಡಿದಿಟ್ಟದ್ದರಿಂದ ಬಂದ ಗೆಲುವು ಅದು.

ಅಳತೆಯನ್ನು ಮೀರಿದರೆ ಏನಾಗಬಹುದೆಂಬುದಕ್ಕೂ ಒಂದು ನಿದರ್ಶನವಿದೆ. ಅದು ದುಃಖದ್ದು; ಆದರೆ ನಿಮ್ಮ ವಯಸ್ಸಿನವರು ತಿಳಿದಿರಲೇಬೇಕಾದದ್ದು. ಫ್ರಾನ್ಸಿನ ದಕ್ಷಿಣದಲ್ಲಿ ಮೋಂ ವಾಂತು ಎಂಬ ಒಂಟಿ ಬೆಟ್ಟವಿದೆ. ಎತ್ತರ 1,900 ಮೀಟರ್‌ಗೂ ಹೆಚ್ಚು. ಬೆದ್ವಾಂ ಎಂಬ ಊರಿನಿಂದ ಹೊರಟರೆ 21 ಕಿಲೋಮೀಟರ್‌ಗೂ ಮೇಲ್ಪಟ್ಟ ಏರು. ಕಡೆಯ ಭಾಗದಲ್ಲಿ ಮರವಿಲ್ಲ, ನೆರಳಿಲ್ಲ. ಎಲ್ಲೆಡೆ ಬಿಳಿಯ ಸುಣ್ಣಕಲ್ಲು. 1967ರ ಜುಲೈ 13ರಂದು, ಸುಡುವ ಬಿಸಿಲಿನಲ್ಲಿ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಈ ದಾರಿಯಲ್ಲಿ ಬಿದ್ದ. ಎತ್ತಿ ಕೂರಿಸಿದ ಮೇಲೆ ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದ. ಪ್ರಾಣ ಉಳಿಯಲಿಲ್ಲ. 1965ರ ವಿಶ್ವ ಚಾಂಪಿಯನ್ ಆಗಿದ್ದ ಅವನಿಗೆ ಆಗ ಬರಿಯ 29 ವರ್ಷ. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಔಷಧವೂ ಮದ್ಯವೂ ಇದ್ದದ್ದು ಪರೀಕ್ಷೆಯಲ್ಲಿ ತಿಳಿಯಿತು.

ಇದರ ಹಿಂದಿನ ಕಾರಣವನ್ನು ಗಮನಿಸಿ. ನಾವು ಉಣ್ಣುವ ಆಹಾರದ ಶಕ್ತಿಯಲ್ಲಿ ಸರಿಸುಮಾರು ಕಾಲು ಭಾಗ ಮಾತ್ರ ಪೆಡಲನ್ನು ತಿರುಗಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿ ಮೈಯನ್ನು ತಂಪುಮಾಡುತ್ತದೆ. ಏರಿನಲ್ಲಿ ಶ್ರಮ ಹೆಚ್ಚು, ವೇಗ ಕಡಿಮೆ. ಆದ್ದರಿಂದ ಶಾಖ ಹೆಚ್ಚು, ಗಾಳಿ ಕಡಿಮೆ. ದಣಿವು, ಬಾಯಾರಿಕೆ, ತಲೆಸುತ್ತು ಇವೆಲ್ಲ ‘ಇನ್ನು ಸಾಕು’ ಎಂದು ದೇಹ ಕೊಡುವ ಎಚ್ಚರಿಕೆ. ಉತ್ತೇಜಕ ಔಷಧ ಬಲವನ್ನು ಹುಟ್ಟಿಸುವುದಿಲ್ಲ. ಆ ಎಚ್ಚರಿಕೆ ಕಿವಿಗೆ ಬೀಳದಂತೆ ಮಾಡುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಗಂಟೆಯ ತಂತಿಯನ್ನು ಕತ್ತರಿಸಿದಂತೆ ಅದು. ಬೇಗ ಮೈ ಬೆಳೆಸುವ, ದಣಿವು ಕಳೆಯುವ ಪುಡಿ ಮಾತ್ರೆಗಳನ್ನು ಯಾರಾದರೂ ನಿಮ್ಮ ಮುಂದಿಟ್ಟರೆ ಸಿಂಪ್ಸನ್ನನ ಸ್ಮಾರಕ ವಾಂತು ಬೆಟ್ಟದ ದಾರಿಯಲ್ಲಿ ಇಂದಿಗೂ ಇದೆ ಎಂಬುದನ್ನು ನೆನೆದುಕೊಳ್ಳಿ. ತೂಕ ಕಡಿಮೆಯಾದರೆ ಏರು ಸುಲಭವೆಂದು ಊಟ ಬಿಡುವುದೂ ಇಂಥದ್ದೇ ಅವಿವೇಕ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟರೆ ಕರಗುವುದು ಹೊರೆಯಲ್ಲ, ಬಲ.

ಬೆಟ್ಟ ಹತ್ತಿದ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಇಳಿಯುವುದು ಬಾಕಿ ಇದೆ, ಅಪಾಯ ಹೆಚ್ಚಿರುವುದೂ ಅಲ್ಲಿಯೇ. ಸ್ಪೇನಿನ ಫೆದೆರಿಕೊ ಬಾಮೊಂತೆಸ್ ಬೆಟ್ಟ ಹತ್ತುವುದರಲ್ಲಿ ಅಪ್ರತಿಮನೆನಿಸಿಕೊಂಡಿದ್ದ. 1959ರಲ್ಲಿ ಟೂರ್ ಗೆದ್ದ ಮೊದಲ ಸ್ಪೇನಿಗನೂ ಅವನೇ. 1954ರಲ್ಲಿ ಒಂದು ಬೆಟ್ಟದ ತುದಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಅವನು ಅಲ್ಲಿಯೇ ನಿಂತು ಐಸ್‌ಕ್ರೀಂ ತಿಂದ! ಒಬ್ಬನೇ ಇಳಿಯಲು ಹೆದರಿ ಜೊತೆಯವರಿಗಾಗಿ ಕಾದನೆಂದು ಕೆಲವರೂ, ಚಕ್ರದ ಕಡ್ಡಿ ಮುರಿದು ಸಹಾಯಕ್ಕೆ ಕಾದನೆಂದು ಕೆಲವರೂ ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ನಿಂತದ್ದು ವಿವೇಕವೇ.

ಏಕೆಂದರೆ, ಹತ್ತುವಾಗ ನೀವು ಕೂಡಿಟ್ಟ ಶಕ್ತಿಯೆಲ್ಲ ಇಳಿಯುವಾಗ ಹೊರಬೀಳುತ್ತದೆ. 75 ಕಿಲೋ ಭಾರ 400 ಮೀಟರ್ ಎತ್ತರದಿಂದ ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿ ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದರಲ್ಲಿ ಒಂದು ಪಾಲನ್ನು ಗಾಳಿ ನುಂಗುತ್ತದೆ. ಮಿಕ್ಕದ್ದೆಲ್ಲ ಬ್ರೇಕಿನ ರಬ್ಬರು ಮತ್ತು ರಿಮ್ಮಿನ ಪಾಲು. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ಆದ್ದರಿಂದ ಒತ್ತಿ ಬಿಡುತ್ತಾ, ಎರಡು ಬ್ರೇಕುಗಳನ್ನೂ ಬಳಸುತ್ತಾ, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಬೇಕು. ತಿರುವಿನ ನಡುವೆ ಗಟ್ಟಿಯಾಗಿ ಬ್ರೇಕ್ ಹಾಕಬಾರದು. ಬೆವರಿದ ಮೈಗೆ ಇಳಿಜಾರಿನ ಗಾಳಿ ಚಳಿ ಹಿಡಿಸುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲಾಗದು. ಯೂರೋಪಿನ ಹಳೆಯ ಸವಾರರು ಬೆಟ್ಟದ ತುದಿಯಲ್ಲಿ ಒಂದು ವೃತ್ತಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳುತ್ತಿದ್ದರು. ಖರ್ಚಿಲ್ಲದ ಈ ಉಪಾಯ ಇಂದಿಗೂ ಒಳ್ಳೆಯದೇ.

ಇನ್ನು ನಮ್ಮ ನಾಡಿನ ಏರುಗಳಿಗೆ ಬರೋಣ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏಳೆಂಟು ಕಿಲೋಮೀಟರ್ ದಾರಿಯಲ್ಲಿ 400 ಮೀಟರ್‌ಗೂ ಹೆಚ್ಚು ಏರಬೇಕು. ಸರಾಸರಿ ಶೇಕಡ 5ರಿಂದ 6. ಅಂಗ್ಲಿರುವಿನ ಮುಂದೆ ಇದು ಸೌಮ್ಯವಾದ ಏರು. ಕಲಿಯುವವರಿಗೆ ಒಳ್ಳೆಯ ಪಾಠಶಾಲೆ. ನಮ್ಮ ಲೆಕ್ಕದ 75 ಕಿಲೋ ಭಾರಕ್ಕೆ 400 ಮೀಟರ್ ಏರನ್ನು 40 ನಿಮಿಷದಲ್ಲಿ ಮುಗಿಸಲು ಗುರುತ್ವದ ವಿರುದ್ಧ ಸುಮಾರು 120 ವ್ಯಾಟ್ ಬೇಕು. ಒಂದು ಗಂಟೆ ತೆಗೆದುಕೊಂಡರೆ 80 ವ್ಯಾಟ್ ಸಾಕು. ಎಂದರೆ ಆರೋಗ್ಯವಂತ ವಿದ್ಯಾರ್ಥಿಯ ಕೈಗೆ ನಿಲುಕದ ಮಾತಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನೆರೆಯ ತಮಿಳುನಾಡಿನ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಿ ಅಂಥ 36 ತಿರುವುಗಳು. 2008ರಲ್ಲಿ ಆರಂಭವಾದ ನೀಲಗಿರಿ ಸೈಕಲ್ ಪ್ರವಾಸದಿಂದ ಅದು ನಮ್ಮ ಸವಾರರಲ್ಲಿ ಹೆಸರಾಗಿದೆ. ಬ್ರೇಕ್ ಕೈಕೊಟ್ಟು ವಾಹನಗಳು ಉರುಳಿದ ದಾರಿಯೂ ಅದೇ ಎಂಬುದನ್ನು ಮರೆಯುವಂತಿಲ್ಲ.

ಘಾಟಿಯ ರಸ್ತೆ ಹೀಗೆ ಸುತ್ತಿ ಸುತ್ತಿ ಹೋಗುವುದೇಕೆ? ಗುಡ್ಡ ಹತ್ತುವ ದನಗಳನ್ನು ನೋಡಿದ್ದೀರಲ್ಲ, ಅವು ನೇರವಾಗಿ ಹತ್ತದೆ ಅಡ್ಡಡ್ಡಲಾಗಿ ಹೋಗುತ್ತವೆ. ರಸ್ತೆ ಕಟ್ಟುವವರೂ ಅದನ್ನೇ ಮಾಡುತ್ತಾರೆ: ದೂರ ಹೆಚ್ಚಿಸಿ ಏರು ತಗ್ಗಿಸುತ್ತಾರೆ. ತಿರುವಿನ ಒಳಬದಿ ಹೆಚ್ಚು ಕಡಿದು, ಹೊರಬದಿ ಸೌಮ್ಯ. ಎಡಗಡೆ ಸಂಚಾರವಿರುವ ನಮ್ಮಲ್ಲಿ, ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಿಮ್ಮ ಬದಿ ಕಡಿದಾಗಿರುತ್ತದೆ. ಬಲಕ್ಕೆ ತಿರುಗುವಲ್ಲಿ ನಿಮಗೆ ಸ್ವಲ್ಪ ಬಿಡುವು ಸಿಗುತ್ತದೆ. ಕಡಿದಾದ ತಿರುವಿಗೆ ಮೊದಲೇ ಗೇರು ಇಳಿಸಿಕೊಳ್ಳಿ. ಬಲವಾಗಿ ತುಳಿಯುತ್ತಿರುವಾಗ ಬದಲಾಯಿಸಿದರೆ ಚೈನು ಕಳಚೀತು. ಸುಲಭವಾಗಲೆಂದು ರಸ್ತೆಯ ಬಲಭಾಗಕ್ಕೆ ಮಾತ್ರ ಹೋಗಬೇಡಿ. ಎದುರಿನಿಂದ ಬಸ್ಸು ಲಾರಿ ಬಂದೀತು. ಘಾಟಿಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮವಾದರೂ, ಚಾಲಕ ನಿಮ್ಮನ್ನು ಕಂಡಿದ್ದಾನೆಂದು ನಂಬಿ ನುಗ್ಗಬಾರದು. ಮಳೆಗಾಲದ ಮಲೆನಾಡಿನ ಘಾಟಿಗಳಲ್ಲಿ ಮಂಜು, ಪಾಚಿ, ನೆನೆದ ರಿಮ್ ಮೂರೂ ಸೇರಿ ಅಪಾಯ ತರುತ್ತವೆ. ಆಗ ಹೋಗದಿರುವುದೇ ಲೇಸು.

ಮೊದಲ ಸಲ ಹೊರಡುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಮನೆಯಲ್ಲಿ ಹೇಳಿ ಹೊರಡಿ, ಒಬ್ಬರೇ ಹೋಗಬೇಡಿ. ಹೆಲ್ಮೆಟ್ ಧರಿಸಿ. ಎರಡು ಬ್ರೇಕುಗಳನ್ನೂ ಟೈರಿನ ಗಾಳಿಯನ್ನೂ ಮೊದಲು ನೋಡಿ. ನೀರಿನ ಬಾಟಲಿ ಇರಲಿ. ಚಿಟಿಕೆ ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿದ್ದರೆ ಇನ್ನೂ ಒಳ್ಳೆಯದು. ಏರಿನ ಮೊದಲ ಮೂರರಲ್ಲಿ ಒಂದು ಭಾಗವನ್ನು ‘ಇದು ತೀರ ನಿಧಾನವಾಯಿತು’ ಎನ್ನಿಸುವಷ್ಟು ನಿಧಾನವಾಗಿ ಹತ್ತಿ. ಆದಷ್ಟು ಸೀಟಿನ ಮೇಲೆ ಕುಳಿತೇ ತುಳಿಯಿರಿ; ಎದ್ದು ನಿಂತು ತುಳಿಯುವುದನ್ನು ತೀರ ಕಡಿದಾದ ನಾಲ್ಕಾರು ಮಾರು ದೂರಕ್ಕೆ ಉಳಿಸಿಕೊಳ್ಳಿ. ಎದೆ ನೋವು, ತಲೆಸುತ್ತು, ಮೈ ತಣ್ಣಗಾಗುವುದು ಇವುಗಳಲ್ಲಿ ಯಾವುದು ಕಂಡರೂ ಇಳಿದು ನೆರಳಿನಲ್ಲಿ ಕೂಡಿ, ಜೊತೆಯವರಿಗೆ ತಿಳಿಸಿ.

ಬೆಟ್ಟದ ಬಳಿ ಇಲ್ಲದವರು ನಿರಾಶರಾಗಬೇಕಿಲ್ಲ. ನಿಮ್ಮ ಸೈಕಲಿನ ಮುಂದಿನ ಹಾಗೂ ಹಿಂದಿನ ಹಲ್ಲುಗಳನ್ನು ಎಣಿಸಿ. ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆಂದು ಲೆಕ್ಕ ಹಾಕಿ. ಊರಿನ ಕೆರೆ ಏರಿಗೆ ಹತ್ತುವ ದಾರಿಯಲ್ಲಿ ಒಂದು ಹಲಗೆ, ನೀರು ತುಂಬಿದ ಒಂದು ಪಾರದರ್ಶಕ ಕೊಳವೆ, ಒಂದು ಅಳತೆಪಟ್ಟಿ ಇದ್ದರೆ ಏರಿನ ಶೇಕಡವನ್ನು ನೀವೇ ಕಂಡುಹಿಡಿಯಬಹುದು. ಕೊಳವೆಯ ಎರಡು ತುದಿಗಳಲ್ಲಿ ನೀರಿನ ಮಟ್ಟ ಒಂದೇ ಎಂಬ ತತ್ವವನ್ನೇ ಗಾರೆ ಕೆಲಸದವರೂ ಬಳಸುತ್ತಾರೆ. ಆಮೇಲೆ ಅದೇ ಏರನ್ನು ಸೈಕಲಿನಲ್ಲಿ ಹತ್ತಿ ನೋಡಿ. ಪುಸ್ತಕದಲ್ಲಿ ಓದಿದ ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳ ವ್ಯತ್ಯಾಸ ನಿಮ್ಮ ಕಾಲಿಗೇ ತಿಳಿಯುತ್ತದೆ.

ಬೆಟ್ಟಕ್ಕೆ ದ್ವೇಷವಿಲ್ಲ, ದಾಕ್ಷಿಣ್ಯವೂ ಇಲ್ಲ. ಅದರ ಎತ್ತರ ಎಲ್ಲರಿಗೂ ಒಂದೇ. ಅದನ್ನು ಎಷ್ಟು ಕಂತಿನಲ್ಲಿ ತೀರಿಸಬೇಕೆಂಬುದನ್ನು ನಿಮ್ಮ ಉಸಿರನ್ನು ಕೇಳಿ ನಿರ್ಧರಿಸಿ, ಪಕ್ಕದವನ ವೇಗವನ್ನು ನೋಡಿ ಅಲ್ಲ. ಹತ್ತಿದಷ್ಟೇ ಎಚ್ಚರದಿಂದ ಇಳಿದು, ಕ್ಷೇಮವಾಗಿ ಮನೆಗೆ ಬನ್ನಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.